ನಂಗೂ ಹಾಗೇ ಆಗಿತ್ತು ಕಣೇ

ಬಾಣಂತಿ ಕೋಣೆಗೆ ಅದರದೇ ಒಂದು ವಾಸನೆ. ಸಾಂಬ್ರಾಣಿ ಹೊಗೆ, ತೇಯ್ದ ಬಜೆ, ಬೆಚ್ಚಗೆ ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ಜಜ್ಜಿ ಹಾಕಿದ ಮೆಣಸಿನ ಸಾರು, ಹಗ್ಗದ ಮೇಲೆ ಇನ್ನೂ ಸರಿಯಾಗಿ ಆರದ ಹಳೇ ಸೀರೆಯ ತುಂಡುಗಳು. ಕಿಟಕಿಗೆ ಪರದೆ ಎಳೆದಿರುತ್ತದೆ. ಬಾಣಂತಿಯ ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ. ಮಗು ನೋಡಲು ಬಂದವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಬರುತ್ತಾರೆ. ಬಂದವರೆಲ್ಲ ಮೊದಲು ಬಾಗುವುದು ತೊಟ್ಟಿಲ ಕಡೆಗೆ.

ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಮಗು ಯಾರ ಹಾಗಿದೆ? ತೂಕ ಎಷ್ಟಿತ್ತು? ನಾರ್ಮಲ್ಲೋ ಸಿಜೇರಿಯನ್ನೋ? ಹಾಲು ಸಾಕಾಗುತ್ತದಾ? ಹೆಣ್ಣಾದರೆ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: "ಇರ್ಲಿ ಬಿಡು, ಲಕ್ಷ್ಮಿ ಬಂದ್ಲು." ಆ 'ಇರ್ಲಿ ಬಿಡು' ಅನ್ನುವುದು ಸಮಾಧಾನಕ್ಕಾಗಿ ಆಡಿದ ಮಾತೇ. ಆದರೆ ಸಮಾಧಾನ ಬೇಕಾಗುವಂಥದ್ದು ಏನೋ ನಡೆದುಹೋಗಿದೆ ಎಂಬುದನ್ನೂ ಅದೇ ಮಾತು ಬಾಣಂತಿಗೆ ತಿಳಿಸಿಬಿಡುತ್ತದೆ.

ಬಂದವರು ಕಾಫಿ ಕುಡಿದು, ಮಗುವಿನ ಕೈಯಲ್ಲಿ ದುಡ್ಡಿಟ್ಟು ಹೊರಟಮೇಲೆ, ಹಿಂದಿನ ಬೀದಿಯ ಹುಡುಗಿಯೊಬ್ಬಳು ಬರುತ್ತಾಳೆ ಅಂದುಕೊಳ್ಳಿ. ಹೋದ ವರ್ಷ ಹೆತ್ತವಳು. ಸೊಂಟದ ಮೇಲೆ ಹನ್ನೊಂದು ತಿಂಗಳ ಕೂಸು. ಅವಳೂ ತೊಟ್ಟಿಲಿಗೆ ಇಣುಕುತ್ತಾಳೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಮಂಚದ ಅಂಚಿನಲ್ಲಿ ಕೂತು, ಕೂಸನ್ನು ಕೆಳಗೆ ಬಿಟ್ಟು, ಬಾಣಂತಿಯ ಮುಖ ನೋಡುತ್ತಾಳೆ.

"ರಾತ್ರಿ ನಿದ್ದೆ ಬರ್ತದಾ?"

"ಎಲ್ಲಿ ಅಕ್ಕಾ, ಗಂಟೆಗೊಂದ್ಸಲ ಏಳ್ತದೆ ಇದು."

"ಅದು ಸರಿ. ಮಗು ಮಲಗಿದ ಮೇಲೆ ನಿಂಗೆ ನಿದ್ದೆ ಬರ್ತದಾ?"

ಬಾಣಂತಿ ಮಾತಾಡುವುದಿಲ್ಲ. ಸೀರೆಯ ತುಂಡೊಂದನ್ನು ಮಡಿಚುತ್ತಾಳೆ, ಬಿಚ್ಚಿ ಮತ್ತೆ ಮಡಿಚುತ್ತಾಳೆ. ಕಣ್ಣಂಚು ತುಂಬಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಯ ಸದ್ದು ಕೇಳುತ್ತಿದೆಯೇ ಎಂದು ಒಮ್ಮೆ ಆ ಕಡೆ ನೋಡುತ್ತಾಳೆ.

"ನಂಗೂ ಹಾಗೇ ಆಗಿತ್ತು ಕಣೇ. ಮಗು ಅತ್ರೆ ಎದೆ ಢವಢವ ಅನ್ನೋದು. ಎತ್ಕೊಳ್ಳೋಕೂ ಮನಸ್ಸಾಗ್ತಿರ್ಲಿಲ್ಲ. ನಾನೆಂಥ ತಾಯಿ ಅಂತ ಒಬ್ಳೇ ಕೂತು ಅಳ್ತಿದ್ದೆ."

ಇಂಥ ಮಾತು ಕರ್ನಾಟಕದ ಕೇರಿಕೇರಿಗಳಲ್ಲಿ ಯಾರ ಲೆಕ್ಕಕ್ಕೂ ಸಿಗದಂತೆ ನಡೆದುಬಂದಿದೆ. ಕಳೆದ ಎರಡು ದಶಕಗಳಲ್ಲಿ ಮಾತ್ರ ಗೋವಾದಿಂದ ಜಾರ್ಖಂಡ್‌ವರೆಗೆ, ರಾವಲ್ಪಿಂಡಿಯಿಂದ ಕೆನಡಾವರೆಗೆ ಕೆಲವರು ಇದನ್ನು ಹಿಡಿದು ಅಳೆದು ನೋಡಿದ್ದಾರೆ. ಅದೇ ಹಾದಿಯಲ್ಲಿ ನಡೆದು ಬಂದವಳೊಬ್ಬಳು ಪಕ್ಕದಲ್ಲಿ ಕೂತರೆ ಬಾಣಂತಿಯ ಮನಸ್ಸು ನಿಜಕ್ಕೂ ಹಗುರಾಗುತ್ತದೆಯೇ? ಆಗುತ್ತದೆ, ಎನ್ನುತ್ತವೆ ಆ ಅಳತೆಗಳು.

ಹೆರಿಗೆಯಾದ ಮೂರನೆಯ ದಿನವೋ ಐದನೆಯ ದಿನವೋ ಕಾರಣವಿಲ್ಲದೆ ಅಳು ನುಗ್ಗಿ ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರ ಅನುಭವ. ಇಂಗ್ಲಿಷಿನವರು ಅದನ್ನು ಬೇಬಿ ಬ್ಲೂಸ್ ಎನ್ನುತ್ತಾರೆ. ಒಂಬತ್ತು ತಿಂಗಳು ಏರುತ್ತಲೇ ಇದ್ದ ಹಾರ್ಮೋನುಗಳು ಹೆರಿಗೆಯಾದ ಕೂಡಲೇ ಧಡಕ್ಕನೆ ಇಳಿಯುತ್ತವೆ, ನಿದ್ದೆ ಚೂರುಚೂರಾಗುತ್ತದೆ, ಹೊಲಿಗೆಯ ನೋವು ಬೇರೆ. ಎರಡು ವಾರದೊಳಗೆ ಅದು ತಾನಾಗಿ ಇಳಿದುಹೋಗುತ್ತದೆ. ಇಳಿಯದೆ ನಿಂತು, ಯಾವುದರಲ್ಲೂ ಆಸಕ್ತಿಯಿಲ್ಲದಂತೆ, ತನ್ನ ಮೇಲೆ ತನಗೇ ಹೇಸಿಗೆಯಾಗುವಂತೆ, ಮಗುವಿನ ಬಗ್ಗೆ ಒಂದೋ ಅತಿಯಾದ ಭಯ ಇಲ್ಲವೇ ಏನೂ ಅನ್ನಿಸದ ಬರಡುತನ ಕವಿದರೆ, ಅದು ಪ್ರಸವೋತ್ತರ ಖಿನ್ನತೆ. ಮೂರನೆಯದು ಅಪರೂಪದ್ದು, ಸಾವಿರ ಹೆರಿಗೆಗೆ ಒಂದೋ ಎರಡೋ. ಊರವರು 'ಬಾಣಂತಿ ಸನ್ನಿ' ಎಂದು ಕರೆಯುತ್ತಿದ್ದುದು ಹಲವು ಸಲ ಇದನ್ನೇ. ಇಲ್ಲದ ದನಿ ಕೇಳಿಸುವುದು, ಸಲ್ಲದ ಅನುಮಾನ, ದಿನಗಟ್ಟಲೆ ನಿದ್ದೆಯಿಲ್ಲದ ಚಡಪಡಿಕೆ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಡುವಿನದು, ಅಂದರೆ ಖಿನ್ನತೆ, ಎಷ್ಟು ಜನರಿಗೆ? ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅವುಗಳಲ್ಲಿದ್ದ 20,043 ತಾಯಂದಿರ ವಿವರಗಳನ್ನು ಒಟ್ಟುಗೂಡಿಸಿ ನೋಡಿದ ವರದಿಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಸಿಕ್ಕ ಸರಾಸರಿ ಶೇ. 22. ನೂರು ತೊಟ್ಟಿಲು ತೂಗುವ ಕಡೆ ಇಪ್ಪತ್ತೆರಡು ಜನ ತಾಯಂದಿರು ಈ ಭಾರ ಹೊತ್ತೇ ತೂಗುತ್ತಿರುತ್ತಾರೆ. ಅದಕ್ಕೂ ಮೊದಲು 2002ರಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದ ತಾಯಂದಿರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾಗಿ ಆರೆಂಟು ವಾರದ ಹೊತ್ತಿಗೆ ಶೇ. 23ರಷ್ಟು ಮಂದಿಯಲ್ಲಿ ಖಿನ್ನತೆ ಕಂಡಿತ್ತು. ಬಡತನ, ಗಂಡನ ಹೊಡೆತ, ಹುಟ್ಟಿದ್ದು ಹೆಣ್ಣಾಗಿರುವುದು ಇವೆಲ್ಲ ಆ ಅಪಾಯವನ್ನು ಹೆಚ್ಚಿಸುತ್ತಿದ್ದವು. 'ಇರ್ಲಿ ಬಿಡು' ಎಂಬ ಎರಡು ಪದಗಳ ತೂಕ ಎಷ್ಟೆಂದು ಆ ಅಧ್ಯಯನ ಓದಿದವರಿಗೆ ತಿಳಿಯುತ್ತದೆ.

ಹಾಗೆಂದು ಬಾಣಂತನವನ್ನು ದೂರುವುದು ತಪ್ಪಾಗುತ್ತದೆ. ಹೆತ್ತವಳನ್ನು ತಿಂಗಳುಗಟ್ಟಲೆ ಕೂರಿಸಿ ಉಣಿಸುವ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವ, ಹೊಟ್ಟೆಗೆ ಬಟ್ಟೆ ಸುತ್ತುವ ಈ ಪದ್ಧತಿಯಲ್ಲಿ ಅಕ್ಕರೆಯ ದೊಡ್ಡ ಗಂಟೇ ಇದೆ. ಉತ್ತರ ಕರ್ನಾಟಕದಲ್ಲಿ ಹೊರಸಿನ ಕೆಳಗೆ ಕೆಂಡ ಇಟ್ಟು ಮೈ ಕಾಯಿಸುತ್ತಾರೆ, ಅಂಟಿನ ಉಂಡಿ ಕಟ್ಟಿ ಡಬ್ಬಿ ತುಂಬಿಸುತ್ತಾರೆ. ಮಲೆನಾಡು, ಕರಾವಳಿಯ ಕಡೆ ಲೇಹ್ಯ ಕಾಯಿಸುತ್ತಾರೆ. ಐದನೆಯ ರಾತ್ರಿ ಸೆಟಿವಿ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ದೀಪ ಆರದ ಹಾಗೆ ಕಾಯುತ್ತಾರೆ. 'ಹಸಿ ಮೈ' ಎಂಬ ಒಂದೇ ಮಾತಿನಲ್ಲಿ, ಈ ಹೆಣ್ಣಿನ ಮೈ ಈಗ ಎಳೆಯದಾಗಿದೆ, ಜೋಪಾನ ಎಂಬ ತಿಳಿವಳಿಕೆಯೆಲ್ಲ ಇದೆ.

ಮೈ ಹಸಿಯಾಗಿರುವುದನ್ನು ಇಷ್ಟು ಚೆನ್ನಾಗಿ ಅರಿತ ಮನೆಗಳಲ್ಲಿ, ಮನಸ್ಸೂ ಹಸಿಯಾಗಿರಬಹುದು ಎಂಬುದಕ್ಕೆ ಮಾತ್ರ ಮಾತು ಸಿಗದೆ ಹೋಯಿತು. 'ಬಾಣಂತಿ ಅಳಬಾರದು, ಮಗುವಿಗೆ ಆಗಿಬರಲ್ಲ' ಎಂದು ಹಿರಿಯರು ಗದರುತ್ತಾರೆ. ಅಳು ನಿಲ್ಲುತ್ತದೆ, ಅಥವಾ ಬಚ್ಚಲಿಗೆ ಹೋಗುತ್ತದೆ. ತಾಯಿಗೆ ಹೇಳೋಣವೆಂದರೆ, ಬೆಳಗಿನ ನಾಲ್ಕಕ್ಕೆ ಎದ್ದು ಹಂಡೆಗೆ ಉರಿ ಹಾಕುವವಳು ಅವಳೇ. ಸಾಲ ಮಾಡಿ ತುಪ್ಪ ತಂದವಳು ಅವಳೇ. ಇಷ್ಟೆಲ್ಲ ಮಾಡಿಸಿಕೊಂಡೂ 'ನನಗೆ ಏನೂ ಬೇಡ ಅನ್ನಿಸುತ್ತಿದೆ ಅಮ್ಮಾ' ಎಂದು ಅವಳ ಮುಂದೆ ಹೇಗೆ ಬಾಯಿ ತೆರೆಯುವುದು? ಅತ್ತೆಗೆ ಹೇಳಿದರೆ ದೂರಾಗುತ್ತದೆ. ಗಂಡನಿಗೆ ಹೇಳೋಣವೆಂದರೆ ಅವನು ವಾರಕ್ಕೊಮ್ಮೆ ಬಂದು ಹೋಗುವ ನೆಂಟ. ಡಾಕ್ಟರ ಬಳಿ ಹೋದಾಗ ಮಾತೆಲ್ಲ ಮಗುವಿನ ತೂಕದ್ದು, ಲಸಿಕೆಯದ್ದು.

ಸುತ್ತ ಇಷ್ಟು ಜನ ಇದ್ದೂ ಹೇಳಿಕೊಳ್ಳಲು ಯಾರೂ ಇಲ್ಲದ ಈ ಒಂಟಿತನವೇ ಖಿನ್ನತೆಗೆ ಗೊಬ್ಬರ. ಹಿಂದಿನ ಬೀದಿಯ ಹುಡುಗಿ ಬೇಕಾಗುವುದು ಅದಕ್ಕೇ. ಅವಳು ತಾಯಿಯಲ್ಲ, ಅತ್ತೆಯಲ್ಲ, ಡಾಕ್ಟರಲ್ಲ. ಅವಳ ಮುಂದೆ ಅತ್ತರೆ ಯಾರ ಋಣಕ್ಕೂ ಚ್ಯುತಿಯಿಲ್ಲ, ಯಾರ ಮರ್ಯಾದೆಗೂ ಕುಂದಿಲ್ಲ.

ಗೋವಾದಲ್ಲಿ ಅಂಥವಳಿಗೆ 'ಸಖಿ' ಎಂದು ಹೆಸರಿಟ್ಟರು. 1996ರಲ್ಲಿ ಶುರುವಾದ 'ಸಂಗಾತ್' ಸಂಸ್ಥೆ, ಗರ್ಭಿಣಿಯರ ತಪಾಸಣೆಗೆ ಬಂದು ಖಿನ್ನತೆಯ ಲಕ್ಷಣ ತೋರಿದ 280 ಹೆಂಗಸರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜತೆಗೆ ಸಖಿಯರ ಭೇಟಿ. ಸಖಿಯರು ಮನೋವೈದ್ಯೆಯರಲ್ಲ, ನರ್ಸುಗಳೂ ಅಲ್ಲ. ಅದೇ ಸೀಮೆಯ, ಅದೇ ಬಗೆಯ ಮನೆಗಳ, ಮಕ್ಕಳನ್ನು ಹೆತ್ತು ಬೆಳೆಸಿದ ಸಾಮಾನ್ಯ ಹೆಂಗಸರು. ಗರ್ಭಿಣಿಯಾಗಿದ್ದಾಗಿನಿಂದ ಹಿಡಿದು ಹೆರಿಗೆಯಾಗಿ ಕೆಲವು ತಿಂಗಳವರೆಗೆ, ಆರರಿಂದ ಹದಿನಾಲ್ಕು ಸಲ, ಒಂದೊಂದು ಸಲಕ್ಕೆ ಅರ್ಧ ಮುಕ್ಕಾಲು ಗಂಟೆ ಅವರು ಹೋಗಿ ಕೂರುತ್ತಿದ್ದರು.

ಕೂತು ಏನು ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈ ಕ್ರಮದ ಮೂಲ ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಲ್ಲಿ ಮನೋವೈದ್ಯ ಆತಿಫ್ ರೆಹಮಾನ್ ರೂಪಿಸಿದ 'ಥಿಂಕಿಂಗ್ ಹೆಲ್ದಿ' ಕಾರ್ಯಕ್ರಮ. ಅದರ ಉಪಕರಣವೆಂದರೆ ಚಿತ್ರಗಳು. ಒಂದು ಚಿತ್ರದಲ್ಲಿ ಮಂಕಾಗಿ ಕೂತ ತಾಯಿ, ಪಕ್ಕದಲ್ಲಿ ಅಳುವ ಮಗು. ಅವಳ ತಲೆಯಲ್ಲಿ ಏನು ಓಡುತ್ತಿರಬಹುದು ಎಂದು ಕೇಳಿದರೆ, ಎದುರಿಗಿದ್ದವಳು ಚಿತ್ರದ ಹೆಂಗಸಿನ ಮಾತಿನಲ್ಲಿ ತನ್ನ ಮನಸ್ಸನ್ನೇ ಬಿಚ್ಚುತ್ತಾಳೆ. 'ನನ್ನ ಕೈಲಿ ಏನೂ ಆಗಲ್ಲ ಅಂದ್ಕೊಂಡಿದ್ದಾಳೆ.' ಮುಂದಿನ ಚಿತ್ರದಲ್ಲಿ ಅದೇ ತಾಯಿ ಮಗುವಿನ ಜತೆ ಆಡುತ್ತಿದ್ದಾಳೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಹಾದಿ ಯಾವುದು? ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು? ಹೊತ್ತಿಗೆ ಸರಿಯಾಗಿ ಉಣ್ಣುವುದೋ, ಸಂಜೆ ಹೊತ್ತು ಬಾಗಿಲಾಚೆ ಹತ್ತು ಹೆಜ್ಜೆ ಹೋಗಿ ಬರುವುದೋ. ತಾಯಿಯ ಆರೋಗ್ಯ, ತಾಯಿ ಮಗುವಿನ ನಂಟು, ತಾಯಿಯ ಸುತ್ತಲಿನ ಜನ, ಈ ಮೂರನ್ನು ಹಿಡಿದೇ ಮಾತುಕತೆ ಸಾಗುತ್ತದೆ.

ಆ ಕಾರ್ಯಕ್ರಮದ ಇನ್ನೊಂದು ಜಾಣ್ಮೆ, ಮನೆಯೊಳಗೆ ಕಾಲಿಟ್ಟ ರೀತಿ. 'ನಿಮ್ಮ ಸೊಸೆಗೆ ಮನಸ್ಸಿನ ಕಾಯಿಲೆ ಇದೆ, ಗುಣಪಡಿಸಲು ಬಂದಿದ್ದೇವೆ' ಎಂದರೆ ಯಾವ ಅತ್ತೆ ಬಾಗಿಲು ತೆರೆದಾಳು? 'ಮಗು ಚೆನ್ನಾಗಿ ಬೆಳೆಯಲು ತಾಯಿಗೆ ಏನೇನು ಬೇಕು, ಮಾತಾಡೋಣ' ಎಂದೇ ಅವರು ಹೋದರು. ಮೊಮ್ಮಗುವಿನ ಹೆಸರಿಗೆ ತೆರೆದ ಬಾಗಿಲಿನಿಂದ ಸೊಸೆಯ ಬಳಿಗೂ ಹೋಗಲು ಬಂತು.

2008ರಲ್ಲಿ ಪ್ರಕಟವಾದ ಆ ಮೊದಲ ಪ್ರಯೋಗದಲ್ಲಿ 903 ತಾಯಂದಿರಿದ್ದರು. ಭೇಟಿ ಕೊಡುತ್ತಿದ್ದವರು ಆಶಾ ಕಾರ್ಯಕರ್ತೆಯರನ್ನು ಹೋಲುವ ಅಲ್ಲಿನ 'ಲೇಡಿ ಹೆಲ್ತ್ ವರ್ಕರ್'ಗಳು. ಹೆರಿಗೆಯಾಗಿ ಆರು ತಿಂಗಳಿಗೆ ನೋಡಿದಾಗ, ಈ ಮಾತುಕತೆ ಸಿಕ್ಕವರಲ್ಲಿ ಶೇ. 23ರಷ್ಟು ಜನ ಮಾತ್ರ ಇನ್ನೂ ಖಿನ್ನತೆಯಲ್ಲಿದ್ದರು. ಸಿಗದವರಲ್ಲಿ ಶೇ. 53. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಆ ಕಾರ್ಯಕ್ರಮದ ಕೈಪಿಡಿಯನ್ನು ತಾನೇ ಹೊರತಂದಿತು. ಆರೋಗ್ಯ ಕಾರ್ಯಕರ್ತೆಯರಿಗೆ ಆಗಲೇ ನೂರೆಂಟು ಕೆಲಸ, ಇದನ್ನು ಬರೀ ತಾಯಂದಿರೇ ಮಾಡಲಾದೀತೇ ಎಂಬುದು ಮುಂದಿನ ಪ್ರಶ್ನೆಯಾಯಿತು. ಗೋವಾದ ಸಖಿಯರು ಮತ್ತು ರಾವಲ್ಪಿಂಡಿಯ 'ರಜಾಕಾರ್' ಎಂಬ ಸ್ವಯಂಸೇವಕಿಯರು ಹುಟ್ಟಿಕೊಂಡದ್ದು ಆ ಪ್ರಶ್ನೆಯಿಂದ.

ಎರಡೂ ಪ್ರಯೋಗಗಳ ಫಲ 2019ರಲ್ಲಿ ಬಂತು. ಸಖಿಯರು ಹೋಗಿಬಂದ ಮನೆಗಳಲ್ಲಿ ಆರು ತಿಂಗಳ ಹೊತ್ತಿಗೆ ಖಿನ್ನತೆಯಿಂದ ಹೊರಬಂದವರ ಪ್ರಮಾಣ ಹೆಚ್ಚಿತ್ತು. 570 ಹೆಂಗಸರಿದ್ದ ರಾವಲ್ಪಿಂಡಿಯ ಪ್ರಯೋಗದಲ್ಲಿ ಫಲ ಅಷ್ಟು ಗಟ್ಟಿಯಾಗಿರಲಿಲ್ಲ, ಆರು ತಿಂಗಳಲ್ಲಿ ಎರಡು ಗುಂಪುಗಳ ಅಂತರ ಸಣ್ಣದು. ಇದನ್ನು ಮುಚ್ಚಿಡಬೇಕಿಲ್ಲ. ಪಕ್ಕದಲ್ಲಿ ಕೂತು ಕೇಳುವುದು ಮಂತ್ರವೇನಲ್ಲ. ಮನೆಯ ಬಡತನವನ್ನೋ, ಕುಡಿದು ಬರುವ ಗಂಡನನ್ನೋ ಸಖಿ ಬದಲಿಸಲಾರಳು. ಆದರೆ ಹಳ್ಳಿಯ ಹೆಂಗಸರೇ, ತೀರಾ ಕಡಿಮೆ ಖರ್ಚಿನಲ್ಲಿ, ಡಾಕ್ಟರು ತಲುಪದ ಕಡೆಗೆ ಹೋಗಿ ಇಷ್ಟನ್ನು ಮಾಡಿದರು ಎಂಬುದು ಸಣ್ಣ ಸಂಗತಿಯಲ್ಲ. ಈ ಕೆಲಸಕ್ಕೆ ಎಂಥವರು ಬೇಕೆಂದು ಎರಡೂ ಕಡೆಯ ಜನರನ್ನು ಮೊದಲೇ ವಿಚಾರಿಸಿ ಬರೆದ ಲೇಖನವೊಂದಿದೆ. ಅದರ ತಲೆಬರಹದಲ್ಲೇ ಉತ್ತರವೂ ಇದೆ: 'ನಮ್ಮಂಥವರೇ ಒಬ್ಬರು'.

ಜಾರ್ಖಂಡ್ ಮತ್ತು ಒಡಿಶಾದ ಕತೆ ಇನ್ನೊಂದು ಬಗೆಯದು. ಅಲ್ಲಿ ಯಾರೂ ಖಿನ್ನತೆಯನ್ನು ಗುಣಪಡಿಸುತ್ತೇವೆಂದು ಹೊರಟಿರಲಿಲ್ಲ. ಪಶ್ಚಿಮ ಸಿಂಗ್‌ಭೂಮ್, ಸರಾಯ್‌ಕೇಲಾ ಖರ್ಸಾವಾನ್, ಕಿಯೊಂಝರ್ ಈ ಮೂರು ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಹಸುಗೂಸುಗಳು ಸಾಯುವುದನ್ನು ತಪ್ಪಿಸಬೇಕೆಂದು 'ಏಕ್‌ಜುಟ್' ಸಂಸ್ಥೆ 2005ರಲ್ಲಿ ಹೆಂಗಸರ ಗುಂಪುಗಳನ್ನು ಕೂಡಿಸತೊಡಗಿತು. ಒಟ್ಟು 244 ಗುಂಪುಗಳು, ತಿಂಗಳಿಗೊಂದು ಸಭೆ. ನಡೆಸುವವಳು ಅದೇ ಭಾಗದ ಒಬ್ಬಳು ಹೆಂಗಸು. ಹೀಗೆ ನಡೆಸುವ ಒಬ್ಬೊಬ್ಬಳ ಪಾಲಿಗೆ ತಿಂಗಳಿಗೆ ಸುಮಾರು ಹದಿಮೂರು ಸಭೆ. ಓದು ಬಾರದವರಿಗೂ ಆಗುವಂತೆ ಚಿತ್ರದ ಕಾರ್ಡುಗಳ ಆಟ, ಕತೆ, ಸಣ್ಣ ನಾಟಕ. ಯಾರ ಮನೆಯಲ್ಲಿ ಕೂಸು ಹೋಯಿತು, ಯಾಕೆ ಹೋಯಿತು, ಮುಂದೆ ಹಾಗಾಗದಂತೆ ಏನು ಮಾಡೋಣ ಎಂದು ಕೂತು ಮಾತಾಡುತ್ತಿದ್ದರು.

ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಸಾವು ಶೇ. 32ರಷ್ಟು ಇಳಿಯಿತು. ಅದು ಬಯಸಿದ್ದೇ. ಅದರ ಜತೆ ಬಂದ ಇನ್ನೊಂದು ಅಂಕಿ ಗಮನ ಸೆಳೆಯಿತು. ಮೂರನೆಯ ವರ್ಷದಲ್ಲಿ ಆ ಹಳ್ಳಿಗಳ ತಾಯಂದಿರಲ್ಲಿ ಮಧ್ಯಮ ಮಟ್ಟದ ಖಿನ್ನತೆ ಶೇ. 57ರಷ್ಟು ಕಡಿಮೆಯಾಗಿತ್ತು. ಗುಂಪಿನಲ್ಲಿ ಸಿಕ್ಕ ಆಸರೆ, ಒಟ್ಟಾಗಿ ಕೂತು ತೊಡಕನ್ನು ಬಿಡಿಸಿಕೊಳ್ಳಬಹುದೆಂಬ ಧೈರ್ಯ, ಇವೇ ಕಾರಣವಿರಬೇಕೆಂದು 2010ರಲ್ಲಿ ಫಲಿತಾಂಶ ಪ್ರಕಟಿಸಿದವರು ಬರೆದರು. ಅಂಥ ಆಸರೆಯ ಜಾಗ ಇಲ್ಲೂ ಇತ್ತು. ಹಿಂದೆ ಕರ್ನಾಟಕದ ಹಳ್ಳಿಗಳಲ್ಲಿ ಬೀಸುಕಲ್ಲಿನ ಎದುರುಬದುರು ಇಬ್ಬರು ಹೆಂಗಸರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ತವರಿನ ನೆನಪು, ಹಡೆದವ್ವನ ಹಂಬಲ, ಬಂಜೆತನದ ನೋವು ಎಲ್ಲ ಆ ಬೀಸುವ ಹಾಡುಗಳಲ್ಲಿ ಹೊರಬರುತ್ತಿತ್ತು. ಗಿರಣಿ ಬಂದು ರಟ್ಟೆಯ ಭಾರ ಇಳಿಯಿತು, ಒಳ್ಳೆಯದೇ ಆಯಿತು. ಜತೆಗೇ, ಬೆಳಗಿನ ಜಾವದಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂರುವ ಆ ಜಾಗವೂ ಹೋಯಿತು.

ಎದುರಿಗೇ ಕೂರಬೇಕೆಂದೂ ಇಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸಿಂಡಿ ಲೀ ಡೆನಿಸ್ ಎಂಬ ಸಂಶೋಧಕಿ ಫೋನಿನಲ್ಲೇ ಇದನ್ನು ಮಾಡಿ ನೋಡಿದರು. ಹೆರಿಗೆಯಾಗಿ ಎರಡು ವಾರದೊಳಗಿನ, ಖಿನ್ನತೆಗೆ ಜಾರುವ ಸಂಭವ ಹೆಚ್ಚಿದ್ದ 701 ತಾಯಂದಿರು ಅದರಲ್ಲಿದ್ದರು. ಕರೆ ಮಾಡುತ್ತಿದ್ದವರು ತಾವೇ ಹಿಂದೆ ಪ್ರಸವೋತ್ತರ ಖಿನ್ನತೆ ಅನುಭವಿಸಿ ಚೇತರಿಸಿಕೊಂಡ ತಾಯಂದಿರು. ಅವರಿಗೆ ಕೊಟ್ಟ ತರಬೇತಿ ನಾಲ್ಕು ಗಂಟೆಯದು. ಹನ್ನೆರಡು ವಾರದ ಹೊತ್ತಿಗೆ, ಕರೆ ಬಂದವರಲ್ಲಿ ಶೇ. 14ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣವಿದ್ದರೆ, ಬಾರದವರಲ್ಲಿ ಶೇ. 25. 2009ರಲ್ಲಿ ಇದು ಪ್ರಕಟವಾಯಿತು.

ಒಂಟಾರಿಯೊದ ಈ ಫೋನಿನ ಕತೆ ಕನ್ನಡದ ಮನೆಗಳಿಗೆ ದೂರದ್ದೇನಲ್ಲ. ಟೊರಾಂಟೊದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗಳ ಬಾಣಂತನಕ್ಕೆಂದು ಅಮ್ಮ ಚಟ್ನಿಪುಡಿ, ಬಜೆ ಬೇರು, ಹಳೇ ಕಾಟನ್ ಸೀರೆ ತುಂಬಿದ ಸೂಟ್‌ಕೇಸಿನ ಜತೆ ವಿಮಾನ ಹತ್ತುತ್ತಾಳೆ. ಕೆಲವು ತಿಂಗಳಿಗೆ ಅವಳ ವೀಸಾ ಗಡುವು ಮುಗಿಯುತ್ತದೆ. ವಿಮಾನ ನಿಲ್ದಾಣದಿಂದ ಮರಳಿದ ಸಂಜೆ ಆ ಮನೆಯಲ್ಲಿ ಹಿಮದ ಕಿಟಕಿ, ಮಗು, ಆಫೀಸಿನ ಕರೆಯಲ್ಲಿರುವ ಗಂಡ. ಖಿನ್ನತೆ ಮೊದಲ ವಾರದಲ್ಲೇ ಬರಬೇಕೆಂದೇನಿಲ್ಲ, ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ತಲೆಯೆತ್ತಬಹುದು. ಅಮೆರಿಕದಲ್ಲಿ ಜೇನ್ ಹೊನಿಕ್‌ಮನ್ ಎಂಬ ತಾಯಿ 1987ರಲ್ಲಿ ಕಟ್ಟಿದ 'ಪೋಸ್ಟ್‌ಪಾರ್ಟಮ್ ಸಪೋರ್ಟ್ ಇಂಟರ್‌ನ್ಯಾಷನಲ್' ಸಂಸ್ಥೆ ಇಂಥವರನ್ನು ಒಬ್ಬರಿಗೊಬ್ಬರು ಸಿಗುವಂತೆ ಮಾಡುತ್ತ ಬಂದಿದೆ. ದಕ್ಷಿಣ ಏಷ್ಯಾದ ತಾಯಂದಿರಿಗೆಂದೇ ಅಲ್ಲೊಂದು ಗುಂಪಿದೆ. ಅತ್ತೆಯ ಮಾತಿನ ಮೊನೆ ಏನೆಂದು ಅಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸಮದುಃಖಿಯ ಮಾತಿಗೆ ಈ ಬಲ ಎಲ್ಲಿಂದ ಬಂತು? ಖಿನ್ನತೆಗೆ ಬಿದ್ದ ತಾಯಿಯನ್ನು ತಿನ್ನುವುದು ದುಃಖಕ್ಕಿಂತ ಹೆಚ್ಚಾಗಿ ನಾಚಿಕೆ. ಲೋಕದ ತಾಯಂದಿರೆಲ್ಲ ಮಗುವಿನ ಮುಖ ನೋಡಿ ಹಿಗ್ಗುತ್ತಾರೆ, ನನ್ನೊಬ್ಬಳಲ್ಲಿ ಮಾತ್ರ ಏನೋ ಕೆಟ್ಟಿದೆ ಎಂಬ ಗುಟ್ಟು. ಡಾಕ್ಟರು 'ಇದು ಸಾಮಾನ್ಯ' ಎಂದಾಗ ಆ ನಾಚಿಕೆ ಅಷ್ಟಾಗಿ ಕದಲುವುದಿಲ್ಲ. ಮಡಿಲಲ್ಲಿ ದಷ್ಟಪುಷ್ಟ ಕೂಸಿಟ್ಟುಕೊಂಡು ನಗುತ್ತಿರುವ ಹೆಂಗಸೊಬ್ಬಳು 'ನಂಗೂ ಹಾಗೇ ಆಗಿತ್ತು' ಎಂದಾಗ ಕದಲುತ್ತದೆ. ಇದರಿಂದ ಹೊರಗೆ ಬರಬಹುದು ಎಂಬುದಕ್ಕೆ ಅವಳೇ ಸಾಕ್ಷಿಯಾಗಿ ಎದುರಿಗೆ ಕೂತಿರುತ್ತಾಳೆ.

ಆದರೆ ಎಲ್ಲ ಪಕ್ಕದಮನೆಯವರೂ ಸಖಿಯರಾಗಲಾರರು. 'ನಮ್ಮ ಕಾಲದಲ್ಲಿ ಹತ್ತು ಹೆತ್ವಿ, ಇದೆಲ್ಲ ಎಲ್ಲಿತ್ತು' ಎನ್ನುವವರೂ ತಾಯಂದಿರೇ. ಕೇಳಿದ್ದನ್ನು ನಲ್ಲಿ ಕಟ್ಟೆಯಲ್ಲಿ ಹಂಚಿದರೆ ಬಾಣಂತಿ ಮತ್ತೆಂದೂ ಬಾಯಿ ತೆರೆಯುವುದಿಲ್ಲ. ಆದ್ದರಿಂದ ಇಂಥ ಕೆಲಸಕ್ಕೆ ಕೊಡುವ ತರಬೇತಿಯಲ್ಲಿ ಕಲಿಸುವುದಕ್ಕಿಂತ ಬಿಡಿಸುವುದೇ ಹೆಚ್ಚು. ಬುದ್ಧಿ ಹೇಳುವ ಚಪಲ ಬಿಡಬೇಕು. ಮಾತು ಅರ್ಧಕ್ಕೆ ತಡೆದು ಸ್ವಂತ ಕತೆ ಶುರುಮಾಡುವುದನ್ನು ಬಿಡಬೇಕು. ಕೇಳಿದ್ದು ಹೊಟ್ಟೆಯಲ್ಲೇ ಉಳಿಯಬೇಕು. ಎಲ್ಲಿ ತನ್ನ ಕೆಲಸ ಮುಗಿದು ಡಾಕ್ಟರ ಕೆಲಸ ಶುರುವಾಗುತ್ತದೆ ಎಂಬುದೂ ಗೊತ್ತಿರಬೇಕು.

ಆ ಗೆರೆ ಗುರುತಿಸಲು ಒಂದು ಸರಳ ಸಾಧನವಿದೆ. ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್, ಜೆನಿಫರ್ ಹೋಲ್ಡನ್, ರೂತ್ ಸಗೋವ್‌ಸ್ಕಿ ಸೇರಿ 1987ರಲ್ಲಿ ಪ್ರಕಟಿಸಿದ ಎಡಿನ್‌ಬರೊ ಮಾಪಕ. ಹತ್ತೇ ಪ್ರಶ್ನೆ, ಕಳೆದ ಏಳು ದಿನಗಳ ಬಗ್ಗೆ. ಕನ್ನಡದಲ್ಲೂ ಬಳಕೆಗೆ ಬಂದಿದೆ. ಮೊದಲ ಪ್ರಶ್ನೆ ನಗುವಿನ ಬಗ್ಗೆ, ಮೊದಲಿನಂತೆ ನಗಲು ಆಗುತ್ತಿದೆಯೇ ಎಂದು. ಹತ್ತನೆಯದು ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು. ಆ ಹತ್ತನೆಯದಕ್ಕೆ 'ಹೌದು' ಬಂದರೆ, ಇಲ್ಲವೇ ಸನ್ನಿಯ ಲಕ್ಷಣ ಕಂಡರೆ, ಗೆಳತಿಯ ಕೆಲಸ ಬಾಣಂತಿಯ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವುದು.

ಈ ವಿಷಯದಲ್ಲಿ ಬೆಂಗಳೂರಿಗೆ ಒಂದು ಹೆಗ್ಗಳಿಕೆಯಿದೆ. ತಾಯಿಗೆ ಚಿಕಿತ್ಸೆ ಕೊಡುವಾಗ ಮಗುವನ್ನು ಜತೆಯಲ್ಲೇ ಇರಿಸಿಕೊಳ್ಳುವ ತಾಯಿ ಮಗು ಘಟಕವನ್ನು ನಿಮ್ಹಾನ್ಸ್ 2009ರಲ್ಲೇ ತೆರೆಯಿತು. ಮನೆಯ ಹೆಂಗಸೊಬ್ಬರೂ ಅಲ್ಲಿ ಜತೆಗಿರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ದೂರದ ಊರಿನವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆಸ್ಪತ್ರೆಯ ಬಾಗಿಲಿಗೂ ಬಾಣಂತಿ ಕೋಣೆಗೂ ನಡುವಿನ ದಾರಿಯಲ್ಲಿ ಯಾರಿದ್ದಾರೆ? ಆಶಾ ಕಾರ್ಯಕರ್ತೆ ಇದ್ದಾಳೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದವಳ ಮನೆಗೆ ಅವಳು 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕು. ಚೀಲದಲ್ಲಿ ಜೋಳಿಗೆ ತಕ್ಕಡಿ, ಥರ್ಮಾಮೀಟರು. ಕೈಯಲ್ಲಿ ಒಂದು ನಮೂನೆ. ಅದರಲ್ಲಿ ತಾಯಿಯ ಊಟ, ರಕ್ತಸ್ರಾವ, ಜ್ವರ ಎಲ್ಲವನ್ನೂ ಕೇಳಲು ಸಾಲುಗಳಿವೆ. ತಾಯಿ ಅಸಂಬದ್ಧವಾಗಿ ಮಾತಾಡುತ್ತಿದ್ದಾಳೆಯೇ, ಫಿಟ್ಸ್ ಬಂದಿತ್ತೇ ಎಂದು ಗುರುತು ಹಾಕಲೂ ಒಂದು ಸಾಲಿದೆ. ಕೂಗಾಡುವವಳು ಆ ಸಾಲಿಗೆ ಸಿಕ್ಕುತ್ತಾಳೆ. ಗೋಡೆಗೆ ಮುಖ ಮಾಡಿ ಸುಮ್ಮನೆ ಮಲಗಿದವಳು ಸಿಕ್ಕುವುದಿಲ್ಲ. ಆರು ಸಲ ಹೇಗೂ ಬಂದವಳು ತಕ್ಕಡಿ ಮಡಿಚಿಟ್ಟ ಮೇಲೆ ಹತ್ತು ನಿಮಿಷ ಕೂತು ಆ ನಗುವಿನ ಪ್ರಶ್ನೆಯನ್ನೂ ಕೇಳುವಂತಾದರೆ, ಕೇಳಲು ಅವಳಿಗೆ ಸಮಯವನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಟ್ಟರೆ, ಎಷ್ಟೋ ಮನೆಗಳಲ್ಲಿ ಅದೇ ಮೊದಲ ಬಾಗಿಲಾದೀತು.

ಅಂಗನವಾಡಿಯೂ ಇದೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರನ್ನು ಮಧ್ಯಾಹ್ನದ ಬಿಸಿಯೂಟಕ್ಕೆ ಅಲ್ಲಿಗೇ ಕರೆಯಿತು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಹಸಿ ಬಾಣಂತಿ ಹೊಸ್ತಿಲು ದಾಟಬಾರದೆಂಬ ರೂಢಿಯಿಂದ, ಮಗುವನ್ನೆತ್ತಿಕೊಂಡು ಬಿಸಿಲಲ್ಲಿ ನಡೆಯುವ ಕಷ್ಟದಿಂದ ಹಲವರು ಬರಲಿಲ್ಲ. ಊಟ ಮನೆಗೇ ಕೊಡಿ ಎಂದರು. ಅವರ ಮಾತೂ ನ್ಯಾಯವಾದದ್ದೇ. ಆದರೆ ಆ ಯೋಜನೆಯಲ್ಲಿ ಪೌಷ್ಟಿಕಾಂಶದ ಪಟ್ಟಿಗೆ ಸೇರದ ಒಂದು ಸಂಗತಿಯಿತ್ತು. ಐದು ತಿಂಗಳ ಗರ್ಭಿಣಿ, ಎರಡು ತಿಂಗಳ ಬಾಣಂತಿ, ಆರು ತಿಂಗಳ ಕೂಸಿನ ತಾಯಿ, ಮೂವರೂ ಒಂದೇ ಸಾಲಿನಲ್ಲಿ ತಟ್ಟೆ ಇಟ್ಟುಕೊಂಡು ಕೂರುವ ಅವಕಾಶ ಅದು. ಜಾರ್ಖಂಡಿನಲ್ಲಿ ಸಭೆ ಕರೆದು ಕೂಡಿಸಬೇಕಾದ ಗುಂಪು ಇಲ್ಲಿ ಊಟದ ನೆಪದಲ್ಲಿ ತಾನಾಗಿ ಕೂಡುತ್ತಿತ್ತು. ತಿಂಗಳಿಗೊಮ್ಮೆ ಊಟವಾದ ಮೇಲೆ ಅರ್ಧ ಗಂಟೆ ಚಿತ್ರಗಳನ್ನು ಹರಡಿ ಮಾತಿಗೆ ಕೂರಿಸಲು, ಹಿಂದಿನ ಬೀದಿಯಲ್ಲಿರುವಂಥ ಹುಡುಗಿಯೊಬ್ಬಳಿಗೆ ನಾಲ್ಕಾರು ದಿನದ ತರಬೇತಿ ಸಾಕು. 2000ದಿಂದಲೂ ಸ್ತ್ರೀಶಕ್ತಿ ಸಂಘಗಳಲ್ಲಿ ಸಾಲದ ಲೆಕ್ಕ, ಉಳಿತಾಯದ ಲೆಕ್ಕ ಹಿಡಿದ ಹೆಂಗಸರಿಗೆ ಗುಂಪು ನಡೆಸುವುದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ.

ಅಂಥ ಒಂದು ಮಧ್ಯಾಹ್ನವನ್ನು ನೆನೆದುಕೊಳ್ಳಬಹುದು. ಗೋಡೆಯ ಮೇಲೆ ಅ ಆ ಇ ಈ. ಮೂಲೆಯಲ್ಲಿ ಮಕ್ಕಳ ಚಾಪೆಗಳ ಸುರುಳಿ. ಮೊದಲ ಸಲ ಬಂದ ಬಾಣಂತಿಯೊಬ್ಬಳು ಬಾಗಿಲ ಹತ್ತಿರವೇ ಕೂತಿದ್ದಾಳೆ, ತಲೆಗೆ ಬಟ್ಟೆ ಕಟ್ಟಿದ್ದಾಳೆ. ಅನ್ನ ಕಲಸಿ ಎರಡು ತುತ್ತು ತಿನ್ನುವಷ್ಟರಲ್ಲಿ ಮಗು ರಚ್ಚೆ ಹಿಡಿಯುತ್ತದೆ. ಅವಳು ಎಡಗೈಯಲ್ಲಿ ತಟ್ಟುತ್ತಾಳೆ, ತೊಡೆ ಅಲುಗಿಸುತ್ತಾಳೆ, ಸುತ್ತಲಿನವರ ಮುಖ ನೋಡುತ್ತಾಳೆ, ತಟ್ಟೆ ದೂರ ಸರಿಸಿ ಏಳಲು ಹೋಗುತ್ತಾಳೆ.

ಪಕ್ಕದಲ್ಲಿದ್ದವಳು ಕೈ ತೊಳೆದುಕೊಂಡು ಬಂದು ಎರಡೂ ಕೈ ಚಾಚುತ್ತಾಳೆ.

"ಕೊಡೇ ಇಲ್ಲಿ, ನಾನ್ ಎತ್ಕೊಂಡಿರ್ತೀನಿ. ನೀನು ಕೂತು ಊಟ ಮಾಡು."